ಬಾಯಿಗೆ ಬಾರದ ಮಾತು

“ಗುರುಗಳೇ, ಎಷ್ಟು ಬಂದರೂ ನನಗೆ ಸಾಕು ಅನ್ನಿಸುವುದಿಲ್ಲ. ಆ ಒಂದು ಮಾತು ನನ್ನ ಬಾಯಿಗೆ ಬರುವುದು ಯಾವಾಗ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೂ ಪಕ್ಕದ ಅಂಗಡಿಯ ಮುಂದೆ ಗಾಡಿ ನಿಂತರೆ ಇವನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಒಂದು ದಿನ ಸಂತೆಯಿಂದ ಬರುವಾಗ ದಾರಿಯ ಹುಣಸೆಮರದಿಂದ ಪಿಶಾಚಿಯೊಂದು ಇಳಿದು ಬಂತು.

“ನಿನಗೆ ಬೇಕುಬೇಕಾದ್ದೆಲ್ಲ ಕೊಡುತ್ತೇನೆ. ಆದರೆ ಯಾವ ಗಳಿಗೆ ನಿನ್ನ ಬಾಯಿಂದ ‘ಸಾಕು’ ಎಂಬ ಮಾತು ಬರುತ್ತದೋ, ಆ ಗಳಿಗೆ ನಿನ್ನ ಪ್ರಾಣ ನನ್ನದು” ಎಂದಿತು.

ವ್ಯಾಪಾರಿ ನಕ್ಕುಬಿಟ್ಟ. “ಆ ಮಾತನ್ನು ನಮ್ಮಪ್ಪನೂ ಆಡಿದವನಲ್ಲ. ಆಗಲಿ” ಎಂದ.

ಮನೆಗೆ ಬರುವಷ್ಟರಲ್ಲಿ ಬೆಲ್ಲ ಅಟ್ಟ ಮುಟ್ಟಿತ್ತು. ಮರುದಿನ ಭತ್ತ, ಅದರ ಮರುದಿನ ಬಂಗಾರ. ಮಲಗುವ ಕೋಣೆಯೂ ತುಂಬಿ ಗಂಡಹೆಂಡಿರು ಜಗಲಿಗೆ ಬಂದರು. ಮೊದಮೊದಲು ಅವನು ಹಿಗ್ಗಿದ. ಆಮೇಲೆ ಬಾಯಿ ತೆರೆಯಲು ಭಯವಾಯಿತು. ಊಟಕ್ಕೆ ಕೂತರೆ ಹೆಂಡತಿ ಬಡಿಸುತ್ತಲೇ ಇರುವಳು. ಬೇಡ ಎನ್ನಲು ಹೋಗಿ, ಅದರ ಬೆನ್ನಿಗೇ ಆ ಇನ್ನೊಂದು ಮಾತು ಜಾರಿಬಿಟ್ಟರೆ? ಹಾಕಿದ್ದನ್ನೆಲ್ಲ ಉಂಡು ಏದುಸಿರು ಬಿಡುವನು.

ಕ್ಷೌರಕ್ಕೆ ಕೂತಾಗಲೂ ಹಾಗೆಯೇ. “ಮೀಸೆ ಇಷ್ಟು ತೆಗೆದರೆ ಆಯಿತಾ ಯಜಮಾನರೇ?” ಎಂದು ಕ್ಷೌರಿಕ ಕೇಳಿದ. ವ್ಯಾಪಾರಿ ತುಟಿ ಬಿಗಿದು ಕೂತ. ಕ್ಷೌರಿಕ ಇನ್ನಷ್ಟು ತೆಗೆದ, ಮತ್ತೆ ಕೇಳಿದ. ಕೊನೆಗೆ ಮೀಸೆಯೇ ಉಳಿಯಲಿಲ್ಲ.

ಬೋಳು ಮುಖ ಕಂಡು ಹೆಂಡತಿ ಗಾಬರಿಯಾದಳು. “ಅಯ್ಯೋ, ಯಾರು ಹೋದರು ರೀ?”

ಆಗ ಅವನು ಕರಾರಿನ ಸಂಗತಿಯನ್ನೆಲ್ಲ ಹೇಳಿದ. “ಹೋಗಿ ಹೋಗಿ ಆ ಮಾತನ್ನು ಮಾರಿಕೊಂಡು ಬಂದಿರಾ?” ಎಂದು ಅವಳು ಹಣೆ ಚಚ್ಚಿಕೊಂಡಳು.

ಹೀಗಿರುವಾಗ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ ಆಳು ಜ್ವರದಲ್ಲಿ ತೀರಿಕೊಂಡ. ಅವನ ಹೆಂಡತಿ ಹೆರಿಗೆಯಲ್ಲೇ ಹೋಗಿದ್ದಳು. ಎಳೆಗೂಸೊಂದು ಉಳಿಯಿತು. ವ್ಯಾಪಾರಿಯ ಹೆಂಡತಿ ಅದನ್ನು ಸೆರಗಿನಲ್ಲಿ ಸುತ್ತಿ ತಂದಳು.

“ಇದಕ್ಕೆ ಯಾರೂ ಇಲ್ಲ. ಏನು ಮಾಡಲಿ?” ಎಂದಳು.

ಕೂಸು ಅವನ ಬೆರಳು ಹಿಡಿದುಕೊಂಡಿತು. ವ್ಯಾಪಾರಿಗೆ ಬಂಗಾರ ಮರೆತುಹೋಯಿತು, ಭಯವೂ ಮರೆತುಹೋಯಿತು. “ಕೇಳುವುದೇನು ಬಂತು? ಮನೆಯಲ್ಲಿಟ್ಟುಕೊಂಡು ಸಾಕು” ಎಂದ.

ಅಂದ ಮೇಲೆ ತಟ್ಟನೆ ಬಾಯಿ ಮುಚ್ಚಿಕೊಂಡ. ಪಿಶಾಚಿ ಆಗಲೇ ಹೊಸ್ತಿಲಲ್ಲಿ ನಿಂತಿತ್ತು. “ಮಾತು ಬಂತು. ನಡೆ” ಎಂದಿತು.

ಹೆಂಡತಿ ಅಡ್ಡ ನಿಂತಳು. “ಎಲಾ ಇದರ! ಇನ್ನು ಬೇಡ ಅನ್ನುವ ಸಾಕು ಬೇರೆ, ಹಾಲೆರೆದು ಸಾಕು ಅನ್ನುವ ಸಾಕು ಬೇರೆ. ನಿನಗೆ ಕನ್ನಡ ಬರುತ್ತದೋ ಇಲ್ಲವೋ?”

“ನನಗೆ ಮಾತು ಮುಖ್ಯ. ಅರ್ಥ ಕಟ್ಟಿಕೊಂಡು ನನಗೇನು?”

“ಹಾಗೋ? ಆ ಮಾತು ನಿನ್ನದಾದರೆ ಅದು ಹೇಳಿದ ಕೆಲಸವೂ ನಿನ್ನದೇ. ತಗೋ, ಎತ್ತಿಕೋ, ಸಾಕು!” ಎಂದು ಅವಳು ಕೂಸನ್ನು ಅದರ ಮುಂದೆ ಚಾಚಿದಳು.

ಕೂಸು ಬಟ್ಟೆ ಒದ್ದೆ ಮಾಡಿಕೊಂಡು ಕಿರುಚಿತು. ಪಿಶಾಚಿ ಹಿಂದೆ ಸರಿಯಿತು.

“ಕೊಡುವುದು ಗೊತ್ತು, ಕಿತ್ತುಕೊಳ್ಳುವುದು ಗೊತ್ತು. ಇದು ಮಾತ್ರ ನನ್ನಿಂದಾಗದು ತಾಯೀ. ನಿನ್ನ ಗಂಡನೂ ಬೇಡ, ಅವನ ಮಾತೂ ಬೇಡ. ಕರಾರು ಮುರಿಯಿತು” ಎಂದು ಹೊರಟೇಹೋಯಿತು. ತಾನು ಕೊಟ್ಟದ್ದನ್ನೆಲ್ಲ ಬಳಿದುಕೊಂಡು ಹೋಯಿತು. ಖಾಲಿಯಾದ ಕೋಣೆಯಲ್ಲಿ ತೊಟ್ಟಿಲು ಕಟ್ಟಲು ಜಾಗವಾಯಿತು.

ಅಂದು ಮಧ್ಯಾಹ್ನ ಹೆಂಡತಿ ಮತ್ತೆ ಅನ್ನ ಬಡಿಸಲು ಬಂದಾಗ ವ್ಯಾಪಾರಿ ಎಲೆಗೆ ಕೈ ಅಡ್ಡ ಹಿಡಿದು, “ಸಾಕು ಕಣೇ, ಸಾಕು!” ಎಂದು ಬೀದಿಗೆ ಕೇಳುವಂತೆ ಕೂಗಿದ. ಮೆಲ್ಲಗೆ ಹೊಸ್ತಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮುಖ ಅರಳಿತ್ತು. “ಹಾಗಾದರೆ ನನಗೂ ಒಂದು ದಿನ ಆ ಮಾತು ಬರುತ್ತದೆ ಅನ್ನಿ” ಎಂದ.

“ಬರುತ್ತದೆ ಬಿಡು, ಈಗ ನೀನು ಯಾರನ್ನು ಸಾಕುತ್ತಿದ್ದೀಯೆ, ಅದನ್ನು ಹೇಳು” ಎಂದರು ಗುರುಗಳು.