ಗಾಡಿಯವನ ಬಾರುಕೋಲು

“ಗುರುಗಳೇ, ಹೊಟ್ಟೆಪಾಡಿಗಾಗಿ ಅರ್ಧ ದಿನ ಹೀನ ಕೆಲಸ ಮಾಡಿದವನ ಕೈ ಯಾವಾಗ ಶುದ್ಧವಾಗುತ್ತದೆ?” ಎಂದು ಬಸಲಿಂಗನೆಂಬ ಶಿಷ್ಯ ಕೇಳಿದ.

“ಹೀನ ಕೆಲಸವೆಂದರೆ ಯಾವುದಪ್ಪ?”

“ಹೆಂಡ ಸುರಿದು ಕೊಡುವುದು ಎಂದಿಟ್ಟುಕೊಳ್ಳಿ.”

“ತೀರ್ಪನ್ನು ನೀನೇ ಬರೆದುಕೊಂಡು ಬಂದಿದ್ದೀಯ. ನನಗೆ ಕತೆಯನ್ನಾದರೂ ಬಿಟ್ಟಿದ್ದೀಯಲ್ಲ, ಕೇಳು” ಎಂದು ಗುರುಗಳು ನಕ್ಕು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಬೆಳಗಿನಿಂದ ಮಧ್ಯಾಹ್ನದವರೆಗೆ ಮಗ್ಗದ ಮುಂದೆ ಕೂರುತ್ತಿದ್ದ. ಅದರಿಂದ ಮನೆಯವರಿಗೆ ಒಪ್ಪೊತ್ತಿನ ಗಂಜಿ ಸಿಗುತ್ತಿತ್ತು. ಇನ್ನೊಂದು ಹೊತ್ತಿನ ಗಂಜಿಗಾಗಿ ಸಂಜೆ ಊರಾಚೆಯ ಹೆಂಡದಂಗಡಿಯಲ್ಲಿ ಸುರಿದು ಕೊಡುವ ಕೆಲಸಕ್ಕೆ ನಿಂತ. ತಾನು ಒಂದು ಹನಿ ಬಾಯಿಗೆ ಹಾಕಿದವನಲ್ಲ. ಆದರೂ ಕುಲದವರು ಊಟದ ಪಂಕ್ತಿಯಲ್ಲಿ ಅವನ ಪಕ್ಕ ಕೂರುತ್ತಿರಲಿಲ್ಲ. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಆ ಅಂಗಡಿಯಲ್ಲೊಂದು ಪದ್ಧತಿ. ಗಾಡಿ ಹೊಡೆಯುವವರು ಬಾರುಕೋಲನ್ನು ಸುರಿಯುವವನ ಕೈಗೆ ಕೊಟ್ಟು ಒಳಗೆ ಹೋಗಬೇಕು. ಕುಡಿದು ಜಗಳವಾದಾಗ ಅದು ಯಾರ ಬೆನ್ನಿಗೂ ಬೀಳಬಾರದಲ್ಲ! ಹೊರಡುವಾಗ ಅವರು ಕೋಲು ಕೇಳಿದರೆ ನೇಕಾರ ಸೊಂಟದಿಂದ ನೂಲಿನ ಎರಡು ತುಂಡು ತೆಗೆದು, “ಇದಕ್ಕೊಂದು ಗಂಟು ಹಾಕಪ್ಪ” ಎನ್ನುತ್ತಿದ್ದ. ಗಂಟು ಬಿದ್ದರೆ ಕೋಲು ಕೈಗೆ, ಬೀಳದಿದ್ದರೆ ನಾಳೆಗೆ. ಊರಿನ ದಾರಿಯಿದ್ದದ್ದು ಕೆರೆಯ ಏರಿಯ ಮೇಲೆ. ಇಕ್ಕಟ್ಟಾದ ಏರಿ, ಅಮಲಿನಲ್ಲಿ ಎತ್ತುಗಳನ್ನು ಹೊಡೆದು ಓಡಿಸಿದರೆ ಗಾಡಿ ನೀರಿಗೆ. ಕೋಲಿಲ್ಲದಿದ್ದರೆ ಎತ್ತುಗಳು ತಮ್ಮ ಪಾಡಿಗೆ ತಾವು ನಡೆದು ಮನೆ ಸೇರುತ್ತಿದ್ದವು.

ಒಬ್ಬ ಗಾಡಿಯವನಿಗೆ ವಾರದಲ್ಲಿ ನಾಲ್ಕು ದಿನ ಗಂಟು ಬೀಳುತ್ತಿರಲಿಲ್ಲ. “ನೀನೇನು ನನ್ನ ಹೆತ್ತಪ್ಪನಾ?” ಎಂದು ಬಾಯಿಗೆ ಬಂದಂತೆ ಬೈಯುತ್ತಿದ್ದ. ನೇಕಾರ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ. ಕೋಲನ್ನು ಮಾತ್ರ ಕೊಡುತ್ತಿರಲಿಲ್ಲ.

ಹೀಗಿರಲು ನೇಕಾರನ ಮಗಳಿಗೆ ಒಂದು ಒಳ್ಳೆಯ ಸಂಬಂಧ ಬಂತು. ಹೆಂಡದಂಗಡಿ ಬಿಟ್ಟರೆ ಮಾತ್ರ ಮದುವೆ ಎಂದು ಬೀಗರು ಖಡಾಖಂಡಿತವಾಗಿ ಹೇಳಿದರು. ನೇಕಾರ ಅಂದೇ ಕೆಲಸ ಬಿಟ್ಟು, ಕೆರೆಯಲ್ಲಿ ಮಿಂದು ಮನೆಗೆ ಬಂದ. ಅವನ ಜಾಗಕ್ಕೆ ಬೇರೊಬ್ಬ ಬಂದ. ಒಳ್ಳೆಯವನೇ, ಕೇಳಿದವರಿಗೆ ಕೇಳಿದ್ದನ್ನು ಕೊಡುತ್ತಿದ್ದ.

ನೂಲಿನ ವಿಷಯ ಅವನ ಕಿವಿಗೆ ಹಾಕಬೇಕೆಂದು ನೇಕಾರ ಒಂದು ದಿನ ಹೊರಟ. ಅಂಗಡಿಯ ಬಾಗಿಲಲ್ಲಿ ಬೀಗರ ಕಡೆಯವರ ಕಣ್ಣಿಗೆ ಬಿದ್ದರೆ ಏನು ಗತಿ ಎಂದು ಅರ್ಧ ದಾರಿಯಿಂದ ಹಿಂತಿರುಗಿದ. ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಹೆಣ್ಣು ಹೆತ್ತವನ ಭಯ ಅದು.

ಮದುವೆಯಾಯಿತು. ಸಂಜೆಯ ಊಟಕ್ಕೆ ಕುಲದವರು ಅವನನ್ನು ಪಂಕ್ತಿಯ ನಡುವೆ ಕೂರಿಸಿದರು. ಎರಡೂ ಪಕ್ಕದಲ್ಲಿ ಜನ. ನೇಕಾರನ ಕಣ್ಣು ತುಂಬಿತು. ಮೊದಲ ತುತ್ತು ಎತ್ತುವಾಗ ಏರಿಯ ಕಡೆಯಿಂದ ಗಾಡಿ ಓಡುವ ಸದ್ದು ಕೇಳಿಸಿತು. ಎತ್ತುಗಳ ಮೇಲೆ ಬಾರುಕೋಲು ಬೀಳುತ್ತಿತ್ತು. ಅವನ ಕೈ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

“ಉಣ್ಣಿ ಮಾವ, ಇವತ್ತು ನೀವು ನಮ್ಮವರು” ಎಂದು ಪಕ್ಕದವನು ಉಪಚಾರ ಮಾಡಿದ.

ನೇಕಾರ ಉಂಡ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಬಸಲಿಂಗನ ಮುಖ ಅರಳಿತು. “ಅಂದರೆ ಅವತ್ತಿಗೆ ಅವನ ಕೈ ಶುದ್ಧವಾಯಿತು, ಅಲ್ಲವೇ ಗುರುಗಳೇ?”

“ಕೈಯ ಸಮಾಚಾರ ಎರಡು ಸಲ ಕೇಳಿದೆ ಮಗು, ಆ ಗಾಡಿಯವನು ಮನೆ ಸೇರಿದನೇ ಎಂದು ಒಂದು ಸಲವೂ ಕೇಳಲಿಲ್ಲ.”