ಕೆರೆ ಹಿಂದೆ ಸರಿದು ಮತ್ತೆ ಬರುವುದೇಕೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ತಾವು ಎಲ್ಲಿ ಕೂರಬೇಕೆಂದು ಆಗಷ್ಟೇ ತೀರ್ಮಾನ ಮಾಡಿದ್ದವು. ಅವುಗಳ ನಡುವಿನ ತಗ್ಗಿನಲ್ಲಿ ಒಂದು ದೊಡ್ಡ ಕೆರೆ ಬಂದು ನೆಲೆಸಿತ್ತು. ಮಳೆಗಾಲವಿರಲಿ, ಬೇಸಿಗೆಯಿರಲಿ, ಅದು ಕೂತ ಜಾಗ ಬಿಟ್ಟು ಅಲುಗುತ್ತಿರಲಿಲ್ಲ.

ದಡದಲ್ಲಿ ಮೀನು ಹಿಡಿದು ಬದುಕುವ ಬಲೆಯ ಜನರಿದ್ದರು, ಅವರಲ್ಲಿ ದುಗ್ಗಮ್ಮ ಎಂಬ ಹೆಂಗಸಿದ್ದಳು. ಹರಿಗೋಲು ಹತ್ತಿ ಬಲೆ ಬೀಸಿದರೆ ಆ ದಿನದ ಮೀನು ಸಿಗುತ್ತಿತ್ತು. ಕೆರೆಯ ಜೊತೆ ಮಾತಾಡುತ್ತಲೇ ಅವಳು ಹುಟ್ಟು ಹಾಕುವಳು. ಕೆರೆಯೂ ಮಾತಾಡುತ್ತಿತ್ತು. ಆಗ ಎಲ್ಲವೂ ಮಾತಾಡುತ್ತಿದ್ದವು.

ಹೀಗಿರುವಾಗ ಬಡಗಣ ಬಯಲಿನಿಂದ ಎತ್ತು, ನೇಗಿಲು, ಮಕ್ಕಳುಮರಿ ಕಟ್ಟಿಕೊಂಡು ಒಕ್ಕಲು ಜನ ಬಂದರು. ದಡದಾಚೆ ಬೀಜ ಬಿತ್ತಿದರು. ಅಲ್ಲೆಲ್ಲ ಬರೀ ಕಲ್ಲು. ಮೊಳಕೆ ಏಳುತ್ತಿತ್ತು, ಬಾಡುತ್ತಿತ್ತು. ಮತ್ತೆ ಏಳುತ್ತಿತ್ತು, ಮತ್ತೆ ಬಾಡುತ್ತಿತ್ತು. ಮೀನು ಎಲ್ಲರಿಗೂ ಸಾಲದೆ ಹಸಿದ ಮಕ್ಕಳು ಅಳತೊಡಗಿದವು. ಕೊನೆಗೆ ದೊಡ್ಡವರು ಗುದ್ದಲಿ ಎತ್ತಿಕೊಂಡರು.

"ಒಳ್ಳೆ ಮಣ್ಣೆಲ್ಲ ಈ ಕೆರೆ ಹೊಟ್ಟೇಲೇ ಇದೆ. ದಡ ಒಡೆದು ನೀರು ಹರಿಸಿಬಿಡೋಣ."

ದುಗ್ಗಮ್ಮ ಅಡ್ಡ ಬಂದು ನಿಂತಳು. "ಸ್ವಲ್ಪ ತಡೀರಪ್ಪಾ," ಎಂದು ಕೈಮುಗಿದು, ಹರಿಗೋಲನ್ನು ಕೆರೆಯ ನಡುವಿಗೆ ನಡೆಸಿದಳು.

"ಅವ್ವಾ, ಬೇಸಿಗೆ ಬಂದಾಗ ಒಂದಿಷ್ಟು ಹಿಂದೆ ಸರೀತೀಯಾ? ಮಕ್ಕಳು ಹಸಿದಿದಾವೆ."

ಕೆರೆ ಹೇಳಿತು, "ಸರಿಯೋದಕ್ಕೆ ನನಗೇನೂ ಕಷ್ಟವಿಲ್ಲ ಮಗಳೇ. ಆದರೆ ವಾಪಸ್ಸು ಬರೋ ಹೊತ್ತಿಗೆ ಅಲ್ಲಿ ಗೋಡೆ ಎದ್ದಿದ್ದರೆ? ನಾನೆಲ್ಲಿಗೆ ಹೋಗಲಿ?"

"ಗೋಡೆ ಏಳೋದಿಲ್ಲ. ನೀನು ಬಂದಾಗ ದಾರಿ ಬಿಡ್ತೀವಿ. ಇದು ನನ್ನ ಮಾತು."

ಕೆರೆ ಅವಳನ್ನು ನಂಬಿತು. ದಡಕ್ಕೆ ಮರಳಿ ಅವಳು ಆ ಮಾತನ್ನು ಎಲ್ಲರಿಗೂ ಹೇಳಿದಳು, ಎಲ್ಲರೂ ಒಪ್ಪಿದರು. ಆ ಬೇಸಿಗೆಯಲ್ಲಿ, ಸೆರಗು ಎಳೆದುಕೊಂಡಂತೆ ಮೆಲ್ಲಗೆ ಹಿಂದೆ ಸರಿಯಿತು. ಅದು ಬಿಟ್ಟ ನೆಲದ ತುಂಬ ಬೆಣ್ಣೆಯಂಥ ಕಪ್ಪು ಮಣ್ಣು! ಸೌತೆ ಹಬ್ಬಿತು, ಅಲಸಂದೆ ಹೂ ಬಿಟ್ಟಿತು, ಕಲ್ಲಂಗಡಿ ಕೊಡದಷ್ಟು ದಪ್ಪವಾಯಿತು. ಒಕ್ಕಲು ಜನ ಕಾಯಿ ಕೊಟ್ಟು ಮೀನು ಒಯ್ದರು, ಬಲೆಯ ಜನ ಮೀನು ಕೊಟ್ಟು ಕಾಯಿ ಒಯ್ದರು. ಅಳುವ ಮಗು ಎಲ್ಲಿ ಹುಡುಕಿದರೂ ಇರಲಿಲ್ಲ.

ದುಗ್ಗಮ್ಮನ ತಮ್ಮ ಕರಿಬೀರನಿಗೂ ಆಸೆಯಾಯಿತು. ಬಲೆ ಬಿಟ್ಟು ಅವನೂ ಕಲ್ಲಂಗಡಿ ಬಿತ್ತಿದ, ಆದರೆ ತಡವಾಗಿ. ಮುಂಗಾರು ಗುಡುಗಿ, "ಕೆರೆ ಬರ್ತಾ ಇದೆ, ದಾರಿ ಬಿಡಿ!" ಎಂದು ಗಾಳಿ ಕೂಗುತ್ತ ಬಂದಾಗ ಎಲ್ಲರೂ ಬಳ್ಳಿ ಕಿತ್ತು ಮೇಲೆ ಹೊರಟರು. ಕರಿಬೀರ ಮಾತ್ರ ಹೊಲದ ಮುಂದೆ ಮಣ್ಣಿನ ಒಡ್ಡು ಹಾಕಿದ.

ಕೆರೆ ಬಂತು. ಒಡ್ಡಿಗೆ ತಾಗಿತು. ನಿಂತಿತು. ಒಡೆದು ನುಗ್ಗುವ ಬಲವಿದ್ದರೂ ನುಗ್ಗಲಿಲ್ಲ. "ದುಗ್ಗಮ್ಮಾ," ಎಂದಿತು, ಅಷ್ಟೇ.

ಅವಳು ಓಡಿ ಬಂದಳು. "ಅಕ್ಕಾ, ನನ್ನ ಮೊದಲ ಬೆಳೆ ಕಣಕ್ಕಾ," ಎಂದ ಕರಿಬೀರ. "ಇನ್ನೊಂದು ವಾರ ಬಿಟ್ಟರೆ ಹಣ್ಣಾಗುತ್ತೆ."

ಅವನು ಅವಳೇ ಎತ್ತಿ ಆಡಿಸಿದ ತಮ್ಮ. "ಇವತ್ತು ನಿನ್ನ ಒಡ್ಡು ಉಳಿದರೆ ಮುಂದಿನ ವರ್ಷ ಎಲ್ಲರ ಒಡ್ಡೂ ಏಳುತ್ತೆ ಕಣೋ. ಆಮೇಲೆ ಕೆರೆ ನಮ್ಮನ್ನ ಯಾಕೆ ನಂಬಬೇಕು?" ಎನ್ನುತ್ತ ಗುದ್ದಲಿ ಎತ್ತಿದಳು. ಅಳುತ್ತಲೇ ಅಗೆದಳು.

ಕರಿಬೀರ ಮುಖ ಒರೆಸಿಕೊಂಡು ಬಂದ. ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡು ಉಳಿದ ಒಡ್ಡನ್ನು ತಾನೇ ಒಡೆದ.

ನೀರು ಒಳಬಂತು. ಮೀನುಗಳು ಬಳ್ಳಿಗಳ ನಡುವೆ ನುಗ್ಗಿ, ಎಲೆ, ಕಾಯಿ ಎಲ್ಲ ಮೆದ್ದು ಕೊಬ್ಬಿದವು. ಆ ಮಳೆಗಾಲವಿಡೀ ಕರಿಬೀರನ ಬಲೆ ಎಳೆಯಲಾರದಷ್ಟು ಭಾರವಾಗಿತ್ತು. "ನಿನ್ನ ಕಲ್ಲಂಗಡೀನೇ ಕಣೋ, ಮೀನಾಗಿ ಬಂದಿವೆ," ಎಂದು ಅಕ್ಕ ನಕ್ಕಳು. ಅವನಿಗೂ ನಗು ಬಂತು.

ಮುಂದಿನ ಬೇಸಿಗೆಗೆ, ಯಾರೂ ಕೇಳದೆಯೇ ಕೆರೆ ಹಿಂದೆ ಸರಿಯಿತು.

ಅದಕ್ಕೇ ಮಗು, ಇವತ್ತಿಗೂ ಬೇಸಿಗೆಯಲ್ಲಿ ನೀರು ದೂರ ಹೋಗಿ ಕೆರೆಯಂಗಳದ ತುಂಬ ಸೌತೆಬಳ್ಳಿ ಹಬ್ಬುವುದು. ಮೊದಲ ಮಳೆ ಬಿದ್ದೊಡನೆ ಒಕ್ಕಲು ಜನ ಬುಟ್ಟಿ ಹೊತ್ತು ಮೇಲೆ ಬರುವುದು, ಬಲೆಯವರು ಹರಿಗೋಲು ಹೊತ್ತು ಕೆಳಗಿಳಿಯುವುದು.