ತಂದೆಗೆ ಓದಿ ಹೇಳಬೇಕಿದ್ದ ಪ್ರಬಂಧ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಥೆಯನ್ನು ಹೇಳುತ್ತಿರುವ ಕೈ ನುರಿತದ್ದಲ್ಲ. ಗುರು-ಶಿಷ್ಯರ ಕಥೆಯಲ್ಲಿ ಮಾತು ಕಡಿಮೆ ಇರಬೇಕು ಎನ್ನುತ್ತಾರೆ. ಬಿಡಿಸಿ ಹೇಳದೆ ಮುಂದೆ ಹೋಗಲು ನನಗೆ ಧೈರ್ಯ ಸಾಲದು. ಹೆಚ್ಚಾಯಿತು ಅನ್ನಿಸಿದ್ದನ್ನು ಓದುವವರೇ ಬಿಟ್ಟು ಓದಬೇಕು.

ಒಂದು ನದಿ. ಅದರ ದಂಡೆಯಲ್ಲಿ ಒಂದು ಹಳೆಯ ಕಟ್ಟಡ. ಅಲ್ಲಿ ಭಾನುವಾರ ಮಾತ್ರ ನಡೆಯುವ ಒಂದು ತರಗತಿ.

ಅಲ್ಲಿಗೆ ಬರುತ್ತಿದ್ದ ಶಿಷ್ಯರು ಹುಡುಗರಲ್ಲ. ಬ್ಯಾಂಕಿನವರು, ಕಾರ್ಖಾನೆಯ ಮ್ಯಾನೇಜರುಗಳು, ಕಾಲೇಜಿನ ಮೇಷ್ಟರುಗಳು. ವಾರವೆಲ್ಲ ದುಡಿದು, ಭಾನುವಾರ ಬುತ್ತಿ ಕಟ್ಟಿಕೊಂಡು ಬರುವವರು. ಎಲ್ಲರೂ ವ್ಯವಹಾರ ಆಡಳಿತದಲ್ಲಿ ಅರೆಕಾಲಿಕ ಪಿಎಚ್‌.ಡಿ.ಗೆ ಸೇರಿದ್ದರು. ಹಾಗೆ ಸೇರಿದವರು ಮೊದಲು ಕೋರ್ಸ್‌ವರ್ಕ್ ಮುಗಿಸಬೇಕು. ಅಂದರೆ, ಸಂಶೋಧನೆ ಮಾಡುವುದು ಹೇಗೆಂದು ಮತ್ತೆ ಬೆಂಚಿನ ಮೇಲೆ ಕೂತು ಕಲಿಯಬೇಕು. ಒಂದು ಪ್ರಬಂಧ ಬರೆದು ಎಲ್ಲರೆದುರು ಓದಬೇಕು. ಹಾಜರಿ ಕಡಿಮೆ ಬೀಳದಂತೆ ನೋಡಿಕೊಳ್ಳಬೇಕು. ಕಡಿಮೆ ಬಿದ್ದರೆ ಇಡೀ ವರ್ಷ ಮತ್ತೆ ಮೊದಲಿನಿಂದ.

ಗುರುಗಳ ಹೆಸರು ಸರ್ವಮಂಗಳಾ. ಗುರು ಎಂದರೆ ಗಡ್ಡ ಬಿಟ್ಟವರೇ ಆಗಬೇಕೆಂದಿಲ್ಲವಲ್ಲ. ಇವರು ನರೆತ ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡು, ಮೆಲ್ಲಗೆ ಮಾತಾಡುವ ಹೆಂಗಸು. ದೊಡ್ಡ ಊರಿನ ದೊಡ್ಡ ಸಂಸ್ಥೆಯನ್ನು ಬಿಟ್ಟು ಇಲ್ಲಿಗೆ ಬಂದವರು.

ಶಿಷ್ಯನ ಹೆಸರು ಚಂದ್ರಮೌಳಿ. ಖಾಸಗಿ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಪಾಠ ಹೇಳುತ್ತಿದ್ದ. ಪಿಎಚ್‌.ಡಿ. ಆಗದಿದ್ದರೆ ಕೆಲಸ ಖಾಯಂ ಆಗುವುದಿಲ್ಲವೆಂದು ಆಡಳಿತ ಮಂಡಳಿಯವರು ಹೇಳಿದ್ದರು. ಹಾಗಾಗಿ ಅವನಿಗೆ ಅವಸರವಿತ್ತು.

ಅವನ ಸರದಿ ಬಂದ ಭಾನುವಾರ ಅವನು ಪ್ರಬಂಧ ಓದಿದ. ಮುಚ್ಚಿಹೋದ ಒಂದು ಸಣ್ಣ ಉದ್ಯಮದ ಕಥೆ ಅದು. ತಗಡಿನ ಟ್ರಂಕು ಮಾಡುವ ಕಾರ್ಖಾನೆ. ಮದುವಣಗಿತ್ತಿಯರಿಗೆ, ಹಾಸ್ಟೆಲಿಗೆ ಹೋಗುವ ಮಕ್ಕಳಿಗೆ ಊರೆಲ್ಲ ಅಲ್ಲಿಂದಲೇ ಟ್ರಂಕು ಒಯ್ಯುತ್ತಿತ್ತು. ಆಮೇಲೆ ಗಾಲಿ ಇರುವ ಸೂಟ್‌ಕೇಸುಗಳು ಬಂದವು. ಒಂದು ದಿನ ಮಾಲೀಕರು ಬಾಗಿಲು ಹಾಕಿದರು. ಕಾರಣ, ಬದಲಾವಣೆಗೆ ಮಾಲೀಕರ ಪ್ರತಿರೋಧ. ಹಾಗೆಂದು ಚಂದ್ರಮೌಳಿ ಬರೆದಿದ್ದ. ಹಾಗೆ ಹೇಳಿದ ಪಂಡಿತರ ಹೆಸರುಗಳನ್ನೂ ಸಾಲಾಗಿ ಕೊಟ್ಟಿದ್ದ.

ಎಲ್ಲರೂ ಚಪ್ಪಾಳೆ ತಟ್ಟಿದರು.

ಗುರು ಕೇಳಿದರು: "ಮಾಲೀಕರು ಏನಂದ್ರು?"

"ಯಾವುದಕ್ಕೆ ಮೇಡಂ?"

"ಯಾಕೆ ಮುಚ್ಚಿದಿರಿ ಅಂತ ಕೇಳಿದ್ದಕ್ಕೆ."

ಚಂದ್ರಮೌಳಿ ನಕ್ಕ. "ಮಾಲೀಕರು ನಮ್ಮ ತಂದೆ, ಮೇಡಂ. ತಿಪ್ಪೇರುದ್ರಪ್ಪ ಅಂತ. ನಾನು ಆ ತಗಡಿನ ಸದ್ದಿನಲ್ಲೇ ಹುಟ್ಟಿ ಬೆಳೆದವನು. ನನಗೆ ಗೊತ್ತಿಲ್ಲದ್ದು ಏನಿದೆ?"

"ಅವರು ಇದ್ದಾರಾ?"

"ಇದ್ದಾರೆ. ನಮ್ಮ ಜೊತೆಯಲ್ಲೇ. ನನ್ನ ರೂಮಿನ ಪಕ್ಕದ ರೂಮು."

"ಒಳ್ಳೇದಾಯ್ತು. ಬಸ್ಸಿನ ಖರ್ಚಿಲ್ಲ. ಓದಿ ಹೇಳಿ ಬಾ."

ಇದನ್ನು ಸ್ವಲ್ಪ ವಿವರಿಸಬೇಕು. ಇಂಥ ಸಂಶೋಧನೆಯಲ್ಲಿ ಒಂದು ಪದ್ಧತಿಯಿದೆ. ಯಾರ ಬಗ್ಗೆ ಬರೆದೆವೋ ಅವರ ಮುಂದೆ ಕೂತು, ಬರೆದದ್ದನ್ನು ಅವರಿಗೇ ಓದಿ ಹೇಳಬೇಕು. ಹೌದು ಎಂದರೆ ಸರಿ. ಅಲ್ಲ ಎಂದರೆ, ಅವರ 'ಅಲ್ಲ'ವನ್ನೂ ಬರೆದುಕೊಳ್ಳಬೇಕು. ಚಂದ್ರಮೌಳಿಗೆ ಈ ಪದ್ಧತಿ ಗೊತ್ತಿತ್ತು. ಪರೀಕ್ಷೆಯಲ್ಲಿ ಅದರ ಮೇಲೆ ಟಿಪ್ಪಣಿ ಬರೆದು ಒಳ್ಳೆಯ ಅಂಕವನ್ನೂ ತೆಗೆದಿದ್ದ. ಸ್ವಂತ ತಂದೆಗೂ ಅದು ಅನ್ವಯಿಸುತ್ತದೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಅವನು ಬಂದ. ಓದಿ ಹೇಳಿರಲಿಲ್ಲ. ಬದಲಿಗೆ ಪ್ರಬಂಧದ ಕೊನೆಗೆ ಇನ್ನಷ್ಟು ಪಂಡಿತರ ಹೆಸರು ಸೇರಿಸಿಕೊಂಡು ಬಂದಿದ್ದ.

"ಪೇಪರ್ ವ್ಯಾಲ್ಯುಯೇಷನ್ ಇತ್ತು ಮೇಡಂ. ಪುರುಸೊತ್ತೇ ಆಗಲಿಲ್ಲ."

ಪಕ್ಕದಲ್ಲಿ ಕೂತಿದ್ದ ನಸ್ರೀನ್ ಬ್ಯಾಂಕಿನಲ್ಲಿ ಅಧಿಕಾರಿ, ಮಾತಿನಲ್ಲಿ ಚುರುಕು. "ಮೇಡಂ, ಇವರಿಗೆ ಪಕ್ಕದ ರೂಮಿಗೆ ಹೋಗೋಕೆ ವೀಸಾ ಬೇಕಂತೆ" ಎಂದಳು.

ಎಲ್ಲರೂ ನಕ್ಕರು. ಗುರು ನಗಲಿಲ್ಲ. ಅವನ ಮುಂದೆ ಒಂದು ಬಿಳಿ ಹಾಳೆ ಇಟ್ಟರು.

"ನಾನು ಅಷ್ಟು ದೊಡ್ಡ ಕೆಲಸ ಬಿಟ್ಟು ಈ ಊರಿಗೆ ಯಾಕೆ ಬಂದೆ? ಬರಿ."

"ಮೇಡಂ, ಅದು ಹೇಗೆ..."

"ನೀವೆಲ್ಲ ಕ್ಯಾಂಟೀನಲ್ಲಿ ಮಾತಾಡಿಕೊಳ್ತೀರಲ್ಲ, ಅದನ್ನೇ ಬರಿ. ನಾನು ಬೇಜಾರು ಮಾಡಿಕೊಳ್ಳಲ್ಲ."

ಅವನು ಬೆವರೊರೆಸಿಕೊಂಡು ಬರೆದ. ನಿರ್ದೇಶಕರ ಹುದ್ದೆ ಅವರಿಗೆ ಬರಬೇಕಿತ್ತು, ಕಿರಿಯರೊಬ್ಬರಿಗೆ ಹೋಯಿತು, ಅವಮಾನ ತಾಳದೆ ಬಿಟ್ಟು ಬಂದರು. ಚೆನ್ನಾಗಿಯೇ ಬರೆದ. ಎದ್ದು ನಿಂತು ಓದಿದ. ಓದುವಾಗ ದನಿ ಸಣ್ಣಗಾಯಿತು.

"ಅಲ್ಲ" ಎಂದರು ಗುರು.

"ಯಾವ ಭಾಗ ತಪ್ಪು, ಮೇಡಂ?"

"ಅದನ್ನ ಹಾಳೆಯನ್ನು ಕೇಳ್ತೀಯೋ, ನನ್ನನ್ನು ಕೇಳ್ತೀಯೋ?"

ಅವನು ಹಾಳೆ ಮಡಚಿಟ್ಟು ಕೇಳಿದ: "ಇಲ್ಲಿಗೆ ಯಾಕೆ ಬಂದ್ರಿ, ಮೇಡಂ?"

ಗುರು ಕಿಟಕಿಯ ಕಡೆ ನೋಡಿದರು. ಕಿಟಕಿಯಾಚೆ ನದಿಯಿತ್ತು.

"ನನ್ನ ತಂಗಿ ಈ ನೀರಲ್ಲಿ ಹೋದಳು. ಇನ್ನೂ ಓದ್ತಾ ಇದ್ದಳು. ವಯಸ್ಸಾದ ಮೇಲೆ ಅವಳ ಹತ್ತಿರ ಇರೋಣ ಅನ್ನಿಸಿತು, ಬಂದೆ."

ನಸ್ರೀನ್ ತಲೆ ತಗ್ಗಿಸಿದಳು.

"ಇಷ್ಟು ವರ್ಷ ಯಾರಾದರೂ ಕೇಳಿದ್ದರೆ ಹೇಳ್ತಿದ್ದೆ" ಎಂದರು ಗುರು. "ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಯಾರೂ ಕೇಳಲಿಲ್ಲ."

ಚಂದ್ರಮೌಳಿ ಅಂದು ಸಂಜೆ ಮನೆಗೆ ಹೋದವನೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ತಂದೆಯ ಕೋಣೆಗೆ ಹೋದ. ತಿಪ್ಪೇರುದ್ರಪ್ಪ ಮಂಚದ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಅಪ್ಪಾಜಿ, ನಿಮ್ ಬಗ್ಗೆ ಒಂದು ಬರ್ದೀನಿ. ಟ್ರಂಕಿನ ಕಾರ್ಖಾನೆ ಬಗ್ಗೆ. ನಿಮಗೆ ಓದಿ ಹೇಳ್ಬೇಕು."

"ನನ್ ಬಗ್ಗೆನಾ?" ಮುದುಕರು ಎಣ್ಣೆ ಕೈಯನ್ನು ಪಂಚೆಗೆ ಒರೆಸಿಕೊಂಡರು. "ನನ್ ಬಗ್ಗೆ ಬರ್ಯಂಥದ್ದು ಏನೈತೋ? ಓದು, ಓದು."

ಆಗ ಚಂದ್ರಮೌಳಿಗೆ ನೆನಪಾಯಿತು. ಪ್ರಬಂಧ ಇಂಗ್ಲಿಷಿನಲ್ಲಿತ್ತು. ತಂದೆಗೆ ಇಂಗ್ಲಿಷ್ ಬಾರದು.

"ಇಂಗ್ಲಿಷ್‌ನಾಗೆ ಐತೆ ಅಪ್ಪಾಜಿ. ಕನ್ನಡಕ್ಕೆ ಮಾಡಿ ಬರೋ ಭಾನುವಾರ ಓದ್ತೀನಿ."

"ಆತು ಬಿಡು, ಕಾಯ್ತೀನಿ. ನಾನೂ ಒಂದ್ ಮಾತು ಹೇಳೋದೈತೆ. ಯಾಕ್ ಬಾಗ್ಲು ಹಾಕ್ದೆ ಅಂತ ಇಷ್ಟು ವರ್ಷ ಯಾರೂ ಕೇಳ್ಲಿಲ್ಲ ನೋಡು. ಅವತ್ತು ಏನಾತು ಅಂದ್ರೆ..."

"ಈಗ ಬ್ಯಾಡ ಅಪ್ಪಾಜಿ" ಎಂದ ಮಗ. "ಮೊದ್ಲು ನಾನು ಓದ್ಬೇಕು, ಆಮೇಲೆ ನೀವು ಹೇಳ್ಬೇಕು. ಇಲ್ಲಾಂದ್ರೆ ಕ್ರಮ ತಪ್ತೈತೆ."

ಇಲ್ಲಿ ಅವನನ್ನು ದಡ್ಡ ಎಂದುಕೊಳ್ಳಬಾರದು. ಮೊದಲು ಓದುವುದು, ಆಮೇಲೆ ಅವರ ಮಾತನ್ನು ದಾಖಲು ಮಾಡಿಕೊಳ್ಳುವುದು, ಅದೇ ಅವನು ಕಲಿತ ಕ್ರಮ. ಕಲಿತದ್ದನ್ನು ತಪ್ಪಿಲ್ಲದೆ ಮಾಡಬೇಕೆಂಬ ಆಸೆ ಅವನದು.

"ಆತಪ್ಪ. ನಿಮ್ ಕ್ರಮ ನಿಮ್ಗೆ" ಎಂದು ತಿಪ್ಪೇರುದ್ರಪ್ಪ ಮತ್ತೆ ಎಣ್ಣೆಯ ಬಟ್ಟಲು ಎಳೆದುಕೊಂಡರು.

ಚಂದ್ರಮೌಳಿ ರೂಮಿನ ಬಾಗಿಲು ಹಾಕಿಕೊಂಡು ಕೂತ. ಕಾಲೇಜು ಮುಗಿಸಿ ಬಂದರೆ ಅದೇ ಕೆಲಸ. ಬದಲಾವಣೆಗೆ ಪ್ರತಿರೋಧ ಎಂದು ಬರೆದ. ಅಪ್ಪನಿಗೆ ಅರ್ಥವಾಗಲಿಕ್ಕಿಲ್ಲ ಎಂದು ಹೊಡೆದುಹಾಕಿದ. ಹೊಸದನ್ನು ಒಪ್ಪದ ಸ್ವಭಾವ ಎಂದು ಬರೆದ. ಮುಖದ ಮೇಲೆ ಹೊಡೆದ ಹಾಗಾಯಿತು. ಹಟ ಎಂದು ಬರೆದ. ಅದನ್ನು ಅಪ್ಪನ ಎದುರು ಬಾಯಿಬಿಟ್ಟು ಓದುವುದನ್ನು ನೆನೆಸಿಕೊಂಡು ಅದನ್ನೂ ಹೊಡೆದ. ಇಂಗ್ಲಿಷಿನಲ್ಲಿ ಇದ್ದಾಗ ಆ ಮಾತು ಯಾರನ್ನೂ ನೋಯಿಸುತ್ತಿರಲಿಲ್ಲ.

ಹೆಂಡತಿ ಶಿವಲೀಲಾ ಬಾಗಿಲು ತಟ್ಟಿದಳು. "ಮಾವ ಕೇಳ್ತಾ ಇದಾರೆ, ಆತಾ ಅಂತ."

"ಇನ್ನೊಂದು ಸಲ ತಿದ್ದಬೇಕು ಅಂತ ಹೇಳು."

"ಹೆಂಗೈತೋ ಹಂಗೇ ಓದ್ಬಾರ್ದೇನ್ರಿ? ಪಾಪ, ಕಾಯ್ತಾ ಕೂತಾರೆ."

"ನಿನಗೆ ಇದೆಲ್ಲ ಗೊತ್ತಾಗಲ್ಲ."

ಅವಳು ಹೋದಳು.

ಗುರುವಾರ ಬೆಳಿಗ್ಗೆ ಅವಳು ಮತ್ತೆ ಬಾಗಿಲು ತಟ್ಟಿದಳು. ಈ ಸಲ ಜೋರಾಗಿ ತಟ್ಟಿದಳು. ತಿಪ್ಪೇರುದ್ರಪ್ಪ ಎದ್ದಿರಲಿಲ್ಲ. ಡಾಕ್ಟರು ಬಂದು, ನಿದ್ದೆಯಲ್ಲೇ ಹೋಗಿದ್ದಾರೆ ಎಂದರು. ಪುಣ್ಯವಂತರ ಸಾವು ಎಂದು ಬಂದವರೆಲ್ಲ ಹೇಳಿದರು.

ಕಾರ್ಯಗಳೆಲ್ಲ ಮುಗಿದವು. ಅಷ್ಟರಲ್ಲಿ ಕೆಲವು ಭಾನುವಾರಗಳು ಕಳೆದಿದ್ದವು. ನಸ್ರೀನ್ ಫೋನ್ ಮಾಡಿದಳು.

"ಸರ್, ಹೇಳೋಕೆ ಸಂಕಟ ಆಗುತ್ತೆ. ಇನ್ನೊಂದು ಕ್ಲಾಸ್ ತಪ್ಪಿದ್ರೆ ನಿಮ್ಮ ಕೋರ್ಸ್‌ವರ್ಕ್ ಹೋಯ್ತು. ಆಫೀಸಿನವರು ಸಾವು ನೋವು ಅಂತ ನೋಡಲ್ಲ. ಬಂದು ಕೂತುಬಿಡಿ ಸಾಕು. ಪ್ರಬಂಧ ಇದ್ದ ಹಾಗೇ ಕೊಡಿ. ಯಾರು ಹೋಗಿ ಕೇಳ್ತಾರೆ?"

ಕೊನೆಯ ಮಾತು ಬಾಯಿ ತಪ್ಪಿ ಬಂದದ್ದು. ಅವಳು ಕೂಡಲೇ "ಸಾರಿ ಸರ್" ಎಂದಳು.

ಆ ಭಾನುವಾರ ಚಂದ್ರಮೌಳಿ ಬೋಳಿಸಿದ ತಲೆಯಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಗುರು ಇನ್ನೂ ಹಾಜರಿ ಕೂಗಿರಲಿಲ್ಲ. ಅವರೇ ಅವನ ಬಳಿ ಬಂದು ಬೆಂಚಿನ ತುದಿಯಲ್ಲಿ ಕೂತರು.

ಅವನು ಹೇಳಿದ: "ಅಪ್ಪಾಜಿ ಹೇಳೋಕೆ ಬಂದಿದ್ರು, ಮೇಡಂ. ನಾನೇ ತಡೆದೆ."

ಅವನು ಚೀಲದಿಂದ ಪ್ರಬಂಧ ತೆಗೆದು ಬೆಂಚಿನ ಮೇಲಿಟ್ಟ.

"ಯಾಕೆ ಮುಚ್ಚಿದ್ರು ಅಂತ ಇನ್ನು ಯಾರನ್ನ ಕೇಳಲಿ? ನಿಮಗೆ ಅನುಭವ ಇದೆ. ನೀವಾದರೂ ಊಹೆ ಮಾಡಿ ಹೇಳಿ. ಏನು ಹೇಳ್ತಿದ್ರು ಅವರು?"

"ನನಗೆ ಗೊತ್ತಿಲ್ಲ."

"ಹಾಗಾದ್ರೆ ಕಾರಣ ಅನ್ನೋ ಕಡೆ ಏನು ಬರೀಲಿ?"

"ಕೇಳಲಿಲ್ಲ ಅಂತ ಬರಿ."

ನದಿಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.

ಗುರು ಕೇಳಿದರು: "ಅವರು ಕಾಯ್ತಾ ಇದ್ದರಲ್ಲ, ಆ ದಿನಗಳಲ್ಲಿ ಏನು ಮಾಡ್ತಿದ್ದರು? ಹೇಗಿದ್ದರು?"

ಅವನು ನೆನಪು ಮಾಡಿಕೊಳ್ಳಲು ನೋಡಿದ. ಹಾಕಿದ ಬಾಗಿಲು ಮಾತ್ರ ನೆನಪಾಯಿತು.

"ನೋಡಲಿಲ್ಲ, ಮೇಡಂ. ಒಳಗೆ ಕೂತು ತಿದ್ದುತ್ತಾ ಇದ್ದೆ."

"ಯಾರು ನೋಡಿದ್ದಾರೆ?"

"ನನ್ನ ಹೆಂಡತಿ. ಊಟ, ಔಷಧಿ ಎಲ್ಲಾ ಅವಳೇ ನೋಡಿಕೊಳ್ತಿದ್ದಳು. ಅವರೂ ಅವಳ ಹತ್ತಿರಾನೇ ಮಾತಾಡ್ತಿದ್ದರು." ಅವನು ತಡೆದು ಹೇಳಿದ: "ಅವರು ಹೋದಾಗಿನಿಂದ ಅವಳಿಗೆ ಮಾತೇ ಇಲ್ಲ. ಗೋಡೆ ನೋಡ್ತಾ ಕೂತಿರ್ತಾಳೆ."

"ಏನಾಯ್ತು ಅಂತ ಕೇಳಿದೆಯಾ?"

"ಇಲ್ಲ. ಮಾವ ಅಂದ್ರೆ ಅವಳಿಗೆ ಪ್ರೀತಿ, ಅದಕ್ಕೇ ಇರಬೇಕು ಅಂದುಕೊಂಡೆ."

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವನ ಕಿವಿಗೇ ಬಿತ್ತು. ಅವನು ಗುರುಗಳ ಮುಖ ನೋಡಿದ.

"ಇದೊಂದು ಕೋರ್ಸ್‌ವರ್ಕ್ ಮುಗಿದುಬಿಡಲಿ, ಮೇಡಂ. ಆಮೇಲೆ ನಿಧಾನವಾಗಿ ಕೂತು ಕೇಳ್ತೀನಿ."

"ನಿನ್ನ ಹೆಂಡತಿ ಈಗ ಎಲ್ಲಿದ್ದಾರೆ?"

"ಮನೇಲಿ. ಒಬ್ಬಳೇ ಇದ್ದಾಳೆ."

ಗುರು ಎದ್ದರು. ಮುಂದೆ ಹೋಗಿ ಹಾಜರಿ ಪುಸ್ತಕ ತೆರೆದರು. ಮೊದಲ ಹೆಸರು ಕೂಗುವ ಮುಂಚೆ ತಲೆಯೆತ್ತಿ ಅವನನ್ನು ನೋಡಿ ಕೇಳಿದರು:

"ಮತ್ತೆ ನೀನು ಯಾಕಪ್ಪ ಇಲ್ಲಿ ಕೂತಿದ್ದೀಯ?"

ಗುರುಗಳ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಮೇಲುನೋಟಕ್ಕೆ ಇದು ಗದರಿದ ಹಾಗೆ ಕಾಣುತ್ತದೆ. ಆದರೆ ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಅವರು ಹಾಜರಿ ಪುಸ್ತಕವನ್ನು ತೆರೆದ ಮೇಲೆ ಕೇಳಿದರೇ ಹೊರತು...

ಬಿಡಿಸಿ ಹೇಳುವುದು ಇರಲಿ, ನನ್ನ ಅಮ್ಮ ಒಳಗಿನಿಂದ ಕರೆಯುತ್ತಿದ್ದಾರೆ. ಬಂದೆ.